ಹದಿನೇಳನೇ ಬೋರಿನ ಕಂಬ

ಕಂಬದ ಬುಡದಲ್ಲಿ ಎದೆಮಟ್ಟ ಅಗೆದಾಗಿತ್ತು. ಪೈಪಿನ ಸುಳಿವಿರಲಿಲ್ಲ.

ಕುಲ್ಯಾನ್ ತನ್ನ ಬುಲ್ಡೋಜರಿಗೆ ಒರಗಿ ನಿಂತು ಆ ಗುಂಡಿಯನ್ನೇ ನೋಡುತ್ತಿದ್ದಳು. ಅಲ್ಲಿ ಇನ್ನೂ ಹತ್ತಾಳುದ್ದ ಅಗೆದರೂ ಪೈಪು ಸಿಗುವುದಿಲ್ಲ ಎಂಬುದು ಸೇರಿದ್ದ ಇಪ್ಪತ್ತು ಮಂದಿಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಹೇಳು, ಹೇಳು ಎಂದು ಒಳಗೆ ಏನೋ ನೂಕುತ್ತಿತ್ತು. ಅವಳು ಇನ್ನೂ ಹೇಳಿರಲಿಲ್ಲ.

ಅವರ ಕಾಲಡಿಯಲ್ಲಿ, ನಾನೂರು ಮೀಟರು ಕೆಳಗೆ, ಐದು ಜನ ಸಿಕ್ಕಿಬಿದ್ದಿದ್ದರು. ಬೆಳಗಿನ ಪಾಳಿಯಲ್ಲಿ ಸುರಂಗದ ಚಾವಣಿ ಕುಸಿದು ದಾರಿ ಮುಚ್ಚಿಹೋಗಿತ್ತು. ಐವರೂ ಹಳೆಯ ಸುರಂಗವೊಂದರ ಕುರುಡು ತುದಿಯಲ್ಲಿ ಕೂತಿದ್ದಾರೆ, ಬದುಕಿದ್ದಾರೆ ಎಂದು ಒಳಗೆ ಬಂಡೆಗೆ ಕಿವಿಗೊಟ್ಟವರು ಹೇಳಿ ಕಳಿಸಿದ್ದರು. ಐದು ಬಡಿತ, ಬಿಡುವು, ಮತ್ತೆ ಐದು ಬಡಿತ. ಗಣಿಯವರ ರೂಢಿ ಅದು. ಎಷ್ಟು ಜೀವವೋ ಅಷ್ಟು ಬಡಿತ. ಕಲ್ಲು ಸರಿಸಿಕೊಂಡು ಹೋಗಿ ಅವರನ್ನು ಮುಟ್ಟಲು ಎರಡು ದಿನ ಬೇಕು. ಅಷ್ಟು ದಿನಕ್ಕೆ ಅವರ ಹತ್ತಿರ ಗಾಳಿಯಿಲ್ಲ.

ಆದರೆ ಅದೇ ಕುರುಡು ತುದಿಯ ನೆತ್ತಿಗೆ ಮೇಲಿನಿಂದ ಒಂದು ಬೋರು ಇಳಿದಿತ್ತು. ಕಲ್ಲಿದ್ದಲಿನೊಳಗಿನ ಉರಿಯುವ ಅನಿಲವನ್ನು ಹೊರಗೆಳೆಯಲು ಹಿಂದೆ ಕೊರೆದಿದ್ದ ಹದಿನೇಳನೇ ಬೋರು. ಕೆಲಸ ಮುಗಿದ ಮೇಲೆ ಬಾಯಿಗೆ ಹತ್ತು ಮೀಟರು ಸಿಮೆಂಟು ತುಂಬಿ, ಪೈಪನ್ನು ನೆಲದಿಂದ ಒಂದು ಮೀಟರು ಕೆಳಗೆ ಕತ್ತರಿಸಿ, ಮಣ್ಣು ಮುಚ್ಚಿ, ಹುಲ್ಲು ಬೆಳೆಸಿದ್ದರು. ಆ ಸಿಮೆಂಟು ಕೊರೆದರೆ ಗಾಳಿ ಇಳಿಸಬಹುದು, ನೀರು ಇಳಿಸಬಹುದು. ಕೊರೆಯುವ ಲಾರಿ ಆಗಲೇ ಬಂದು ನಿಂತಿತ್ತು. ಪೈಪಿನ ಬಾಯಿ ಸಿಗಬೇಕಿತ್ತು, ಅಷ್ಟೆ.

ಐವರಲ್ಲಿ ಒಬ್ಬ ಕುಲ್ಯಾನಳ ಮೈದುನ ತೊಲೆಗೆನ್. ಅವಳು ಸೊಸೆಯಾಗಿ ಬಂದಾಗ ಅವನಿಗೆ ಆರು ವರ್ಷ. ಅವನ ಮೂಗು ಒರೆಸಿ, ಶಾಲೆಗೆ ಕಳಿಸಿ, ಮದುವೆ ಮಾಡಿದವಳು ಅವಳು. ಕಜಾಕರ ಸೊಸೆ ಗಂಡನ ಮನೆಯ ಗಂಡಸರ ಹೆಸರು ಹೇಳುವಂತಿಲ್ಲ. ಅವನನ್ನು ಅಂದಿನಿಂದ ಇಂದಿನವರೆಗೂ 'ಮಿರ್ಜಾ', ಅಂದರೆ ಪುಟ್ಟ ದೊರೆ, ಎಂದೇ ಕರೆದಿದ್ದಳು. ಉಳಿದ ನಾಲ್ವರಲ್ಲಿ ಅವಳ ಬೀದಿಯವರೇ ಆದ ಜಖಾರ್ ಮತ್ತು ಅವನ ಮಗ ಲುಕಾ ಇದ್ದರು. ಜಖಾರನಿಗೆ ಬರುವ ವಸಂತಕ್ಕೆ ನಿವೃತ್ತಿ.

"ಕುಲ್ಯಾನಕ್ಕಾ, ನೀನು ಮುಚ್ಚಿದ್ದು ಅಂದ್ರೆ ಹಿಂಗೇ ನೋಡು," ಗುಂಡಿಯೊಳಗಿನಿಂದ ಮಿಕೋಲಾ ಕೂಗಿದ. ಅವನು ಸಲಿಕೆ ಹಿಡಿದರೂ ಬಾಯಿ ನಿಲ್ಲಿಸುವವನಲ್ಲ. "ಬೇರೆಯವ್ರು ಮುಚ್ಚಿದ್ರೆ ಕುರಿಮರಿನೂ ಎಡವುತ್ತೆ. ನೀನು ಮುಚ್ಚಿದ್ರೆ ಆ ದೇವ್ರಿಗೂ ಗುರುತು ಸಿಗಲ್ಲ! ನಾನು ಸತ್ರೆ ನಿನ್ನ ಕೈಲೇ ಹೂಳಿಸ್ಕೋತೀನಿ."

"ಮುಚ್ಚೋ ಬಾಯಿ," ಎಂದ ಸಾವೆಲಿಚ್. ರಕ್ಷಣಾ ದಳದ ಮುಖ್ಯಸ್ಥ ಆತ. ಬಂದವರೆಲ್ಲರ ಬೆಂಕಿಪೊಟ್ಟಣ ಕಿತ್ತುಕೊಂಡು ತನ್ನ ಟೋಪಿಯೊಳಗೆ ಹಾಕಿ ಜೀಪಿನಲ್ಲಿಟ್ಟಿದ್ದ. ಅನಿಲ ಬರುವ ಜಾಗ. ಸಿಗರೇಟು ಇಲ್ಲದೆ ಎಲ್ಲರೂ ಸಿಡಿಮಿಡಿಗುಟ್ಟುತ್ತಿದ್ದರು. "ಎಮಿಲ್ ಕಾರ್ಲೊವಿಚ್, ಸರಿಯಾಗಿ ಹೇಳಿ. ನಿಮ್ಮ ನಕ್ಷೇಲಿ ಬೋರು ಇಲ್ಲೇ ಇದೆಯಾ ಇಲ್ವಾ?"

ಗಣಿಯ ಮುದಿ ಸರ್ವೇಯರ್ ಎಮಿಲ್ ಕಾರ್ಲೊವಿಚ್ ಜೀಪಿನ ಮೂತಿಯ ಮೇಲೆ ನಕ್ಷೆ ಹರಡಿಕೊಂಡಿದ್ದ. ಗಾಳಿಗೆ ಅದು ಪಟಪಟ ಹೊಡೆದುಕೊಳ್ಳುತ್ತಿತ್ತು. "ಇಲ್ಲೇ ಇದೆ. ಈ ಕಂಬವನ್ನ ನಾನೇ ಅಳೆದಿದ್ದೀನಲ್ಲ, ಎರಡು ವರ್ಷದ ಹಿಂದೆ. ಇಗೋ ನನ್ನ ರುಜು. ಇಗೋ ಕುಲ್ಯಾನಳ ರುಜು."

ಆ ರುಜುವಿನ ಕಡೆ ಕುಲ್ಯಾನ್ ನೋಡಲಿಲ್ಲ.

ಗಣಿಯ ಬೋರುಗಳ ಜಾಗವೆಲ್ಲ ಅವಳ ಕೈಯಲ್ಲೇ ಹಾದುಹೋಗುತ್ತಿತ್ತು. ಮೊದಲು ಬಯಲಿನ ಗೇಣುದ್ದದ ಕರಿಮಣ್ಣನ್ನು ಕೆನೆ ತೆಗೆದಹಾಗೆ ಎಬ್ಬಿ ಒಂದು ಕಡೆ ಗುಡ್ಡೆ ಹಾಕಬೇಕು. ಅದರ ಕೆಳಗಿನ ಹಳದಿ ಮಣ್ಣು ಇನ್ನೊಂದು ಕಡೆ. ಎರಡೂ ಬೆರೆತರೆ ಮುಂದೆ ಇಪ್ಪತ್ತು ವರ್ಷ ಅಲ್ಲಿ ಏನೂ ಹುಟ್ಟುವುದಿಲ್ಲ. ನೆಲ ಮಟ್ಟಮಾಡಿ, ಕೆಸರುಗುಂಡಿ ತೋಡಿ, ಕೊರೆಯುವವರಿಗೆ ಬಿಟ್ಟುಕೊಡಬೇಕು. ಅವರು ಎಣ್ಣೆ ಚೆಲ್ಲಿ, ಕಬ್ಬಿಣ ಎಸೆದು, ರಂಪ ಮಾಡಿ ಹೋದಮೇಲೆ ಎಲ್ಲವನ್ನೂ ಹಿಂದುಮುಂದಾಗಿ ಮಾಡುತ್ತ ಬರಬೇಕು: ಹಳದಿ ಮೊದಲು, ಕರಿ ಆಮೇಲೆ, ಬೀಜ ಕೊನೆಗೆ. ಕೊನೆಯದಾಗಿ ಬೋರಿನ ನೆತ್ತಿಯ ಮೇಲೆ ನಂಬರು ಕೊರೆದ ಕಬ್ಬಿಣದ ಕಂಬ. ಹುಲ್ಲು ಬಂದಿದೆ ಎಂದು ಜಮೀನು ಇಲಾಖೆಯ ಹೆಂಗಸು ಬಂದು ನೋಡಿ ಒಪ್ಪಬೇಕು. ಒಪ್ಪದಿದ್ದರೆ ಮುಂದಿನ ಜಾಗಕ್ಕೆ ಅನುಮತಿ ಇಲ್ಲ.

ಹದಿನೇಳನೇ ಜಾಗವನ್ನು ಆಕೆ ಎರಡು ಸಲ ಒಪ್ಪಲಿಲ್ಲ. ಕಾರಣ ಆ ಕಂಬವೇ. ಮರವೆಂಬುದೇ ಇಲ್ಲದ ಬಯಲಲ್ಲಿ ಒಂದು ಕಂಬ ನೆಟ್ಟರೆ ಏನಾಗುತ್ತದೆ ಎಂದು ನಿಯಮ ಬರೆದವರಿಗೆ ಗೊತ್ತಿರಲಿಲ್ಲ. ಮೂರು ಹಿಂಡಿನ ಕುದುರೆಗಳು ಬೆನ್ನು ತುರಿಸಿಕೊಳ್ಳಲು ಅಲ್ಲಿಗೇ ಬಂದವು. ದಾರಿಹೋಕರು ಕುದುರೆ ಕಟ್ಟಿದ್ದು ಅದಕ್ಕೇ. ಕುದುರೆ ಮೇಯಿಸುವ ಮುದುಕ ಅಬಿಲ್ದಾ ಹಾಲು ಕರೆಯುವ ಹೊತ್ತಿಗೆ ತನ್ನ ಹೆಣ್ಣುಕುದುರೆಗಳ ಹಗ್ಗವನ್ನು ಅದಕ್ಕೇ ಬಿಗಿದ. ಅವಳು ಬಿತ್ತಿದ ಹುಲ್ಲು ಮೊಳಕೆಯಲ್ಲೇ ಗೊರಸಿಗೆ ಸಿಕ್ಕಿ ಧೂಳಾಯಿತು. ಎರಡನೇ ಸಲ ಬಿತ್ತಿದ್ದೂ ಹಾಗೇ ಆಯಿತು.

ಮೂರನೇ ವಸಂತದಲ್ಲಿ ಅವಳು ಮತ್ತು ಅಬಿಲ್ದಾ ಸೇರಿ ಕಂಬ ಕಿತ್ತರು. ಬಿತ್ತಿದ ನೆಲದ ಆಚೆ, ಗಟ್ಟಿ ಭೂಮಿಯಲ್ಲಿ ನೆಟ್ಟರು. ಮಳೆಗಾಲ ಕಳೆದು ಹುಲ್ಲು ಬೇರು ಬಿಟ್ಟಮೇಲೆ ವಾಪಸು ಇಡೋಣ ಎಂದುಕೊಂಡಿದ್ದಳು. ಹುಲ್ಲು ಬಂತು. ಇಲಾಖೆಯವಳು ಒಪ್ಪಿದಳು. ಆಮೇಲೆ ಒಂದು ದಿನ ಎಮಿಲ್ ಕಾರ್ಲೊವಿಚ್ ಕೆಮ್ಮುತ್ತ, ಜ್ವರದಲ್ಲಿ ಬಂದು, ಕಂಬ ಎಲ್ಲಿತ್ತೋ ಅಲ್ಲೇ ಅಳೆದು ಬರೆದುಕೊಂಡ. ಅವಳು ಅವನಿಗೆ ಫ್ಲಾಸ್ಕಿನಿಂದ ಚಹಾ ಹಾಕಿಕೊಟ್ಟಳು. ಬಾಯಿ ಬಿಡಲಿಲ್ಲ. ಸತ್ತ ಬೋರು, ಯಾರಿಗೆ ಏನು ಬೇಕಾಗುತ್ತದೆ ಅದರಿಂದ? ಮನೆಯಲ್ಲಿ ಗಂಡ ಕಲ್ಲಿದ್ದಲ ಧೂಳು ತುಂಬಿದ ಶ್ವಾಸಕೋಶ ಹಿಡಿದುಕೊಂಡು ಮಲಗಿದ್ದ. ಮಕ್ಕಳಿಬ್ಬರಿಗೂ ಕೋಟು ಹೊಲಿಯಬೇಕಿತ್ತು. ಹದಿನೆಂಟನೇ ಜಾಗ ಕಾಯುತ್ತಿತ್ತು. ಆಮೇಲೆ ಹತ್ತೊಂಬತ್ತನೆಯದು.

ಗೊರಸಿನ ಸದ್ದು ಕೇಳಿ ಅವಳು ತಿರುಗಿದಳು. ಅಬಿಲ್ದಾ ತನ್ನ ಬೂದು ಕುದುರೆಯ ಮೇಲೆ ಕೂತು ಗುಂಡಿಯ ಕಡೆ ನೋಡಿದ. ಆಮೇಲೆ ಅವಳ ಕಡೆ. ಕುದುರೆಯನ್ನು ಬುಲ್ಡೋಜರಿನ ಮರೆಗೆ ತಂದು ನಿಲ್ಲಿಸಿದ. ಊರಿನ ಮುದುಕರಿಗೆಲ್ಲ ಅವಳು ಸೊಸೆಯೇ.

"ಸೊಸೇ, ಇವರು ಯಾಕೆ ನನ್ನ ಕುದುರೆ ಕಟ್ಟೋ ಜಾಗ ಅಗೀತಾ ಇದಾರೆ?"

"ಮೆಲ್ಲಗೆ ಮಾತಾಡು ಅಜ್ಜಾ."

"ನಿನ್ನ ಮೈದುನ ಕೆಳಗಿದಾನಂತೆ. ಹೌದಾ?"

ಅವಳು ತಲೆಯಾಡಿಸಿದಳು.

"ಮತ್ತೆ ಹೇಳಿಲ್ವಾ ಇನ್ನೂ?"

"ಹೇಳ್ತೀನಿ. ಸ್ವಲ್ಪ ತಾಳು."

"ಏನಕ್ಕೆ ತಾಳೋದು? ಕೆಳಗಿರೋರಿಗೆ ತಾಳೋಕಾಗುತ್ತಾ?"

"ಅಜ್ಜಾ, ಬೋರಿನ ಗುರುತು ಸರಿಸೋದು ಅಂದ್ರೆ ಜೈಲು. ಗೊತ್ತಾ ನಿಂಗೆ? ಮನೆ ಗಣಿಯವರದು. ಮಿರ್ಜಾನ ಅಣ್ಣ ಹಾಸಿಗೆ ಮೇಲಿದಾರೆ. ನನ್ನ ಹುಡುಗೀರನ್ನ ಯಾರು ನೋಡ್ಕೋತಾರೆ? ಅಲ್ಲಿ ನೋಡು, ನಕ್ಷೆ ಹಿಡಿದಿರೋ ಆ ಮುದುಕಪ್ಪ. ಅವರನ್ನೂ ಎಳೆದುಹಾಕ್ತಾರೆ. ಪಟ್ಟಣದಲ್ಲಿ ಕೊರೆದೋರ ಹಳೇ ಕಾಗದ ಇದೆಯಂತೆ, ತರೋಕೆ ಆಳು ಹೋಗಿದಾನೆ. ಅದು ಬಂದ್ರೆ ಜಾಗ ತಾನಾಗೇ ಗೊತ್ತಾಗುತ್ತೆ. ನಾನು ಹೇಳೋದೇ ಬೇಡ."

ತನ್ನ ಮಾತು ತನ್ನ ಕಿವಿಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. ಅಬಿಲ್ದಾ ಕುದುರೆಯ ಕುತ್ತಿಗೆ ಸವರಿದ.

"ಕಂಬ ಕಿತ್ತಾಗ ಒಂದು ತುದಿ ನಾನೂ ಹಿಡಿದಿದ್ದೆ," ಎಂದ. "ನೀನು ಹೇಳ್ದೆ ಹೋದ್ರೆ ನಾನು ಹೇಳ್ಬೇಕಾಗುತ್ತೆ. ಆದ್ರೆ ಬೋರು ಎಲ್ಲಿತ್ತು ಅಂತ ನಂಗೆ ಗೊತ್ತಿಲ್ಲ. ಹುಲ್ಲೆಲ್ಲ ಒಂದೇ ತರ ಕಾಣ್ತಿದೆ. ಅದು ನಿಂಗೇ ಗೊತ್ತಿರೋದು."

ಅವನು ಕುದುರೆ ತಿರುಗಿಸಿ ದೂರ ಹೋಗಿ ನಿಂತ. ಅಲ್ಲಿಂದಲೇ ಅವಳನ್ನು ನೋಡುತ್ತಿದ್ದ.

ಅವಳು ಬುಲ್ಡೋಜರಿನ ಕ್ಯಾಬಿನ್ ಹತ್ತಿ ಕೂತಳು. ಬಾಗಿಲು ಹಾಕಿಕೊಂಡಳು. ಗಾಳಿಯ ಸದ್ದು ನಿಂತು, ತನ್ನ ಉಸಿರೊಂದೇ ಕೇಳತೊಡಗಿತು. ಗಾಜಿನ ಮೇಲೆ ಅದು ಮಂಜಾಗಿ ಕೂತು ಬಯಲನ್ನು ಮರೆಮಾಡಿತು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಕೆಳಗೆ ಅವರೂ ಹೀಗೇ ಕೂತಿರಬಹುದು, ದೀಪ ಆರಿಸಿ, ಒಬ್ಬರ ಬೆನ್ನಿಗೊಬ್ಬರು ಒರಗಿ, ಮಾತಾಡಿದರೆ ಗಾಳಿ ಖರ್ಚಾಗುತ್ತದೆಂದು ಸುಮ್ಮನೆ. ಬಾಗಿಲು ತೆಗೆಯಲು ಅವಳ ಕೈಗೆ ಆಗುತ್ತಿತ್ತು. ಅವರ ಕೈಗೆ ಆಗುತ್ತಿರಲಿಲ್ಲ. ಆದರೂ ಕೈ ಮೇಲೇಳಲಿಲ್ಲ.

ಹೊರಗೆ ಗಲಾಟೆ ಕೇಳಿ ಅವಳು ಗಾಜು ಒರೆಸಿದಳು. ಪಟ್ಟಣಕ್ಕೆ ಹೋದವನು ವಾಪಸು ಬಂದಿದ್ದ, ಬರಿಗೈಯಲ್ಲಿ. ಶನಿವಾರ; ಕಾಗದದ ಕೋಣೆಯ ಕೀಲಿ ಇಟ್ಟುಕೊಂಡವಳು ಮಗಳ ಮದುವೆಗೆ ಊರು ಬಿಟ್ಟಿದ್ದಳು. ಬಾಗಿಲು ಒಡೆಯಲು ಅಪ್ಪಣೆ ಬೇಕಂತೆ.

ಅವಳು ಕೆಳಗಿಳಿದಳು.

"ತಪ್ಪು ನನ್ನದೇ ಇರಬೇಕು," ಎಮಿಲ್ ಕಾರ್ಲೊವಿಚ್ ಹೇಳುತ್ತಿದ್ದ. "ಅವತ್ತು ನಂಗೆ ಜ್ವರ ಇತ್ತು. ಅಳತೇಲಿ ಏನೋ ಹೆಚ್ಚುಕಮ್ಮಿ ಆಗಿದೆ. ನೆಲ ಬೇರೆ ಕುಸಿದಿದೆ, ಕೆಳಗಿನ ಕಲ್ಲಿದ್ದಲು ತೆಗೆದಮೇಲೆ ಪೂರ್ವಕ್ಕೆ ಜಾರಿದೆ. ಪೂರ್ವಕ್ಕೆ ಅಗೀರಿ. ಬೇಕಾದ್ರೆ ಬರೆದುಕೊಡ್ತೀನಿ ಸಾವೆಲಿಚ್, ತಪ್ಪು ನಂದು ಅಂತ."

"ನಿಮ್ಮ ಬರಹ ತಗೊಂಡು ಏನ್ ಮಾಡ್ಲಿ? ಉಸಿರಾಡೋಕಾಗುತ್ತಾ ಅದನ್ನ?" ಸಾವೆಲಿಚ್ ಲಾರಿಯವರ ಕಡೆ ಕೈಬೀಸಿದ. "ಸಾಕು. ಹಳೇ ಬೋರು ಮರೆತುಬಿಡಿ. ಹೊಸದು ಕೊರೆಯೋಣ. ಲಾರಿ ಆಚೆ ತಗೊಳ್ಳಿ."

"ಹೊಸದಕ್ಕೆ ಮೂರು ದಿನ ಆಗುತ್ತೆ," ಎಂದ ಮಿಕೋಲಾ. ಮೊದಲ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಗೊತ್ತು ನಂಗೆ!"

ಲಾರಿಯ ಇಂಜಿನು ಗುಡುಗಿತು. ಅದು ಹೊರಟರೆ ಮುಗಿಯಿತು. ಕುಲ್ಯಾನ್ ಓಡಿ ಹೋಗಿ ಅದರ ಮೂತಿಗೆ ಅಡ್ಡ ನಿಂತಳು.

"ಕಂಬ ನಾನು ಕಿತ್ತೆ," ಎಂದಳು. "ಎಮಿಲ್ ಕಾರ್ಲೊವಿಚ್ ತಪ್ಪಿಲ್ಲ. ಅವರು ಅಳೆಯೋಕೆ ಮುಂಚೆನೇ ಕಂಬ ಜಾಗ ಬಿಟ್ಟಿತ್ತು. ಕುದುರೆ ತುಳೀತಿದ್ವು. ಹುಲ್ಲು ಬರ್ತಿರ್ಲಿಲ್ಲ. ಬೋರು ಅಲ್ಲಿದೆ, ಆ ಬಿತ್ತಿದ ಹುಲ್ಲಿನೊಳಗೆ."

ಸಾವೆಲಿಚ್ ದಾಪುಗಾಲಿಟ್ಟು ಅವಳ ಮುಂದೆ ಬಂದ. ಹೊಡೆಯುತ್ತಾನೆ ಎಂದು ಅವಳು ಕಣ್ಣು ಮುಚ್ಚಿಕೊಂಡಳು. ಹೊಡೆದಿದ್ದರೆ ಹಗುರಾಗುತ್ತಿತ್ತು.

"ಎಲ್ಲಿ?" ಎಂದ ಅವನು. "ಬೆರಳಿಟ್ಟು ತೋರಿಸು. ಆಮೇಲೆ ಮಾತಾಡ್ತೀನಿ ನಿನ್ನ ಹತ್ರ. ಹೊತ್ತೆಷ್ಟೀಗ?"

"ಒಂದೂ ಹತ್ತು," ಎಂದ ಯಾರೋ.

ಅವಳು ಇಲ್ಲಿಗೆ ಬಂದಿಳಿದಾಗ ಹನ್ನೆರಡು ಹೊಡೆದಿರಲಿಲ್ಲ.

ಬಿತ್ತಿದ ಹುಲ್ಲು ನಾಲ್ಕಾರು ಮನೆ ಕಟ್ಟಬಹುದಾದಷ್ಟು ಅಗಲಕ್ಕೆ ಹಬ್ಬಿತ್ತು. ಅಕ್ಟೋಬರಿನ ಗಾಳಿಗೆ ಒಣಗಿ, ಒಂದೇ ಬಣ್ಣ, ಒಂದೇ ಎತ್ತರ. ಇಷ್ಟು ಅಚ್ಚುಕಟ್ಟಾಗಿ ಮುಚ್ಚಿದ್ದು ಅವಳ ಕೈಯೇ. ಅವಳು ಮಂಡಿಯೂರಿ ಹುಲ್ಲನ್ನು ಎರಡೂ ಕೈಯಿಂದ ಬಗೆದು ಬುಡ ನೋಡುತ್ತ ಹೊರಟಳು.

"ಏನ್ ಹುಡುಕ್ತಿದೀಯಾ?" ಸಾವೆಲಿಚ್ ಹಿಂದೆಯೇ ಬಂದ.

"ಕೆಸರುಗುಂಡಿ. ಕೊರೆಯೋರು ಅದನ್ನ ಯಾವಾಗಲೂ ಗಾಳಿ ಹೋಗೋ ದಿಕ್ಕಿಗೇ ತೋಡಿಸೋದು, ಮುಖಕ್ಕೆ ಎರಚಬಾರ್ದು ಅಂತ. ಬೋರಿನ ಬಾಯಿಂದ ಗುಂಡಿವರೆಗೆ ಒಂದು ತಗಡಿನ ದೋಣಿ ಇಡ್ತಿದ್ರು ಕೆಸರು ಹರಿಯೋಕೆ. ಅವ್ರ ಹತ್ರ ಇದ್ದಿದ್ದು ಒಂದೇ ದೋಣಿ. ಒಂಬತ್ತು ಮೀಟರು. ಗುಂಡಿ ಸಿಕ್ರೆ ಬೋರು ಸಿಕ್ಕಹಾಗೆ."

"ಗುಂಡಿನೂ ಮುಚ್ಚಿದೀಯಲ್ಲ ನೀನು!"

"ಮುಚ್ಚಿದೀನಿ. ಆದ್ರೆ ಕೊರೆಯೋ ಕೆಸರಲ್ಲಿ ಉಪ್ಪಿರುತ್ತೆ. ಎಷ್ಟು ಮಣ್ಣು ಹಾಕಿದ್ರೂ ಮೇಲಕ್ಕೆ ಬಂದೇ ಬರುತ್ತೆ."

ಅವಳು ಮಾತು ನಿಲ್ಲಿಸಿದಳು. ಹುಲ್ಲಿನ ಬುಡದಲ್ಲಿ ಉಪ್ಪು ನೆಲದಲ್ಲಷ್ಟೇ ಹುಟ್ಟುವ ಬೆರಳುದ್ದದ ಒಂದು ಗಿಡ, ಚಳಿ ಬಿದ್ದು ರಕ್ತದಂತೆ ಕೆಂಪಾಗಿತ್ತು. ಅದರಾಚೆ ಇನ್ನೊಂದು. ಇನ್ನೂ ಮೂರು. ಇಲಾಖೆಯವಳ ಕಣ್ಣಿಗೆ ಬೀಳದಿರಲೆಂದು ಎರಡು ವರ್ಷದ ಹಿಂದೆ ಇವನ್ನು ತಾನೇ ಕಿತ್ತುಹಾಕಿದ್ದಳು.

"ಇಲ್ಲಿ!" ಎಂದು ಕೂಗಿದಳು. "ಇದು ಗುಂಡಿ. ಇಲ್ಲಿಂದ ಗಾಳಿಗೆ ಎದುರಾಗಿ ಅಳೀರಿ."

ಎಮಿಲ್ ಕಾರ್ಲೊವಿಚ್ ಅಳತೆಯ ಪಟ್ಟಿ ಹಿಡಿದು ಓಡಿಬಂದ. ಅವಳ ಮುಖ ನೋಡಲಿಲ್ಲ. ಒಂಬತ್ತು ಮೀಟರಿಗೆ ಗೂಟ ಹೊಡೆದರು. ಅವಳು ಬುಲ್ಡೋಜರ್ ಹತ್ತಿ ಗೇಣುದ್ದ ಮಣ್ಣು ಎಬ್ಬಿದಳು. ಎಬ್ಬಿದ್ದನ್ನು ಬಲಕ್ಕೆ ಒತ್ತರಿಸಿ, ಹಿಂದೆ ಬಂದು, ಹಳದಿ ಮಣ್ಣನ್ನು ಎಡಕ್ಕೆ ನೂಕತೊಡಗಿದಳು.

"ಏಯ್! ಏನದು, ಬೇರೆ ಬೇರೆ ಗುಡ್ಡೆ ಹಾಕ್ಕೊಂಡು! ಒಟ್ಟಿಗೇ ನೂಕು!" ಸಾವೆಲಿಚ್ ಗಂಟಲು ಹರಿಯುವಂತೆ ಅರಚಿದ. ಆಗಷ್ಟೇ ಅವಳಿಗೆ ಅರಿವಾಯಿತು. ಕೈ ತಾನಾಗಿ ಮಾಡುತ್ತಿತ್ತು.

ಕೊನೆಯ ಅರ್ಧ ಮೀಟರನ್ನು ಕಿಡಿ ಹಾರದಂತೆ ಮರದ ಸಲಿಕೆಯಲ್ಲಿ ತೆಗೆದರು. ಏನೂ ಸಿಗಲಿಲ್ಲ. ಮಿಕೋಲಾ ತಾಮ್ರದ ಸಲಾಕೆ ತಂದು ಸುತ್ತ ಚುಚ್ಚುತ್ತ ಹೋದ. ಮಣ್ಣು, ಮಣ್ಣು, ಮಣ್ಣು. ಕುಲ್ಯಾನ್ ಅವನ ಕೈಯನ್ನೇ ನೋಡುತ್ತಿದ್ದಳು. ಗೂಟದಿಂದ ಎರಡು ಹೆಜ್ಜೆ ಆಚೆ ಸಲಾಕೆ ಠಣ್ ಎಂದಿತು.

ಎಲ್ಲರೂ ಒಟ್ಟಿಗೆ ಅಗೆಯತೊಡಗಿದರು.

ಹತ್ತು ಮೀಟರು ಸಿಮೆಂಟು ಮೂರು ಗಂಟೆಗೂ ಹೆಚ್ಚು ಹೊತ್ತು ತಿಂದಿತು. ಎರಡು ಸಲ ಕೊರೆಯುವ ತಲೆ ಸಿಕ್ಕಿಕೊಂಡಿತು. ಅಷ್ಟು ಹೊತ್ತೂ ಅವಳ ಹತ್ತಿರ ಯಾರೂ ಬರಲಿಲ್ಲ. ಅಬಿಲ್ದಾ ಮಾತ್ರ ಒಂದು ಹಿಡಿ ಒಣಮೊಸರಿನ ಉಂಡೆ ತಂದು ಅವಳ ಕೋಟಿನ ಜೇಬಿಗೆ ಹಾಕಿಹೋದ. ಐದು ಗಂಟೆಗೆ ಕೊನೆಯ ಸಿಮೆಂಟು ಒಡೆದು ಕೆಳಕ್ಕೆ ಬಿತ್ತು. ಗಾಳಿಯ ಕೊಳವೆ ಇಳಿಸಿದರು, ಯಂತ್ರ ಹಚ್ಚಿದರು. ಅದರ ಹಿಂದೆಯೇ ತಂತಿಯ ತುದಿಗೆ ಫೋನು ಕಟ್ಟಿ ಇಳಿಬಿಟ್ಟರು.

ಸಾವೆಲಿಚ್ ಕಿವಿಗೆ ಹಿಡಿದು ಕೂಗಿದ, ಕೇಳಿದ, ಮತ್ತೆ ಕೂಗಿದ. ಆಮೇಲೆ ಟೋಪಿಯಿಲ್ಲದ ತಲೆಯ ಮೇಲೆ ಕೈಯಿಟ್ಟುಕೊಂಡ.

"ನಾಲ್ಕು ಜನ," ಎಂದ. "ಜಖಾರ್ ಹೋಗಿಬಿಟ್ಟಿದಾನೆ. ನಾಲ್ಕೂವರೆ ಆಗಿತ್ತಂತೆ. ಇನ್ನರ್ಧ ಗಂಟೆ ತಡ್ಕೊಂಡಿದ್ರೆ ಗಾಳಿ ಸಿಗ್ತಿತ್ತು ಮುದುಕನಿಗೆ."

ಗಂಡಸರು ಟೋಪಿ ತೆಗೆದರು. ಸಾವೆಲಿಚ್ ಕುಲ್ಯಾನಳ ಹತ್ತಿರ ಬಂದ. ದನಿ ಮೆತ್ತಗಾಗಿತ್ತು.

"ನೋಡು, ಕಂಬದ ವಿಚಾರಣೆ ಆಗೇ ಆಗುತ್ತೆ, ಅದನ್ನ ತಪ್ಪಿಸೋಕೆ ನನ್ನಿಂದಾಗಲ್ಲ. ಆದ್ರೆ ಆ ಗುಂಡಿ ಹುಡುಕಿಕೊಟ್ಟೆಯಲ್ಲ, ಅದನ್ನೂ ಬರೀತೀನಿ. ನಾಲ್ಕು ಜೀವ ನಿನ್ನ ಕಣ್ಣಿಂದ ಉಳಿದಿದೆ. ತಗೋ, ನಿನ್ನ ಮೈದುನ ಕೇಳ್ತಿದಾನೆ."

ಅವಳು ಫೋನು ಕಿವಿಗಿಟ್ಟುಕೊಂಡಳು. ದೂರದ ಬಾವಿಯೊಳಗಿನಿಂದ ಬಂದಂತೆ ದನಿ ಬಂತು.

"ಅತ್ತಿಗೇ? ನೀನೇನಾ ಜಾಗ ತೋರಿಸಿದ್ದು? ನಂಗೊತ್ತಿತ್ತು, ನೀನು ಇರ್ತೀಯ ಅಂತ. ಇವ್ರಿಗೆಲ್ಲ ಹೇಳ್ತಿದ್ದೆ, ನಮ್ಮತ್ತಿಗೆ ಮುಚ್ಚಿದ ಬೋರು, ನಮ್ಮತ್ತಿಗೇನೇ ತೆಗೀತಾಳೆ ಅಂತ."

"ಮಿರ್ಜಾ," ಎಂದಳು ಅವಳು. ಇಲ್ಲಿ ಸುಮ್ಮನಾದರೆ ಮುಗಿಯುತ್ತದೆ, ತಡವಾಗಿ ನೆನಪಾಯಿತು ಎಂದುಕೊಳ್ಳುತ್ತಾರೆ, ಆ ಒಂದು ಗಂಟೆ ಯಾರಿಗೂ ಗೊತ್ತಾಗುವುದಿಲ್ಲ ಎನ್ನಿಸಿತು. ಅಬಿಲ್ದಾ ಹೇಳುವುದಿಲ್ಲ. "ಕಂಬ ಕಿತ್ತಿದ್ದು ನಾನು ಕಣೋ. ಹನ್ನೆರಡಕ್ಕೇ ನಂಗೆ ಗೊತ್ತಿತ್ತು ಇವ್ರು ತಪ್ಪು ಜಾಗ ಅಗೀತಿದಾರೆ ಅಂತ. ಒಂದು ಗಂಟೆ ಬಾಯಿ ಬಿಡ್ಲಿಲ್ಲ. ಹೆದರಿಕೆ ಆಗಿತ್ತು."

ಪಕ್ಕದಲ್ಲಿ ಸಾವೆಲಿಚ್ ಬರೆಯುತ್ತಿದ್ದ ಪೆನ್ಸಿಲು ನಿಂತಿತು.

ಕೆಳಗೆ ಯಾರೋ ಹಿಂದಿನಿಂದ 'ಏನಂತೆ?' ಎಂದು ಕೇಳಿದ್ದು ಕೇಳಿಸಿತು. 'ಏನಿಲ್ಲ, ನೀರು ಕಳಿಸ್ತಾರಂತೆ,' ಎಂದ ತೊಲೆಗೆನ್. ಆಮೇಲೆ ಬಾಯಿ ಹತ್ತಿರ ತಂದು, ಪಿಸುದನಿಯಲ್ಲಿ, "ಅತ್ತಿಗೆ, ಇನ್ನೂ ಎರಡು ದಿನ ನಾವಿಲ್ಲೇ ಇರ್ಬೇಕು. ಲುಕಾ ಅವರಪ್ಪನ ತಲೆ ತೊಡೆ ಮೇಲಿಟ್ಕೊಂಡು ಕೂತಿದಾನೆ. ಈ ಮಾತು ಈ ತಂತೀಲಿ ಮತ್ತೆ ಆಡ್ಬೇಡ. ಆಚೆ ಬಂದ್ಮೇಲೆ ನೀನೇ ಅವನಿಗೆ ಹೇಳು. ನಾನು ಹೇಳಲ್ಲ, ನಂಗಾಗಲ್ಲ."

"ಹೇಳ್ತೀನಿ."

"ತಾಳು, ಅವನೇ ಮಾತಾಡ್ಬೇಕಂತೆ."

ಫೋನು ಕೈಬದಲಾದ ಸದ್ದು. ಅವಳು ಸಾವೆಲಿಚನ ಕಡೆ ನೋಡಿದಳು. ಅವನು ಕೈ ಚಾಚಲಿಲ್ಲ, ಫೋನು ತೆಗೆದುಕೊಳ್ಳಲಿಲ್ಲ. ನಿಂತೇ ಇದ್ದ.

"ಕುಲ್ಯಾನಕ್ಕಾ?" ಲುಕಾನ ದನಿ ಒಡೆದುಹೋಗಿತ್ತು. "ಅಮ್ಮ ಗಣಿ ಬಾಗಿಲಲ್ಲಿ ನಿಂತಿರ್ತಾಳೆ. ಇಬ್ರೂ ಬರ್ತೀವಿ ಅಂತ ಕಾಯ್ತಿರ್ತಾಳೆ. ಅವಳಿಗೆ ಯಾರು ಹೇಳ್ತಾರೆ?"

"ನಾನು," ಎಂದಳು ಕುಲ್ಯಾನ್. "ಎಲ್ಲಾನೂ ನಾನೇ ಹೇಳ್ತೀನಿ. ಈಗಲೇ ಹೋಗ್ತೀನಿ."